ಬೋಗುಣಿ ಹೊತ್ತವನು

ಸ್ಪಾರ್ಟಾದ ಒಡೆಯರಿಗೆ ಏನೂ ಬೇಡ. ಇದನ್ನು ಅವರೇ ದಿನಕ್ಕೊಮ್ಮೆಯಾದರೂ ಹೇಳಿಕೊಳ್ಳುತ್ತಿದ್ದರು. ಬೆಳ್ಳಿ ಬೇಡ, ಬಂಗಾರ ಬೇಡ, ಮೆತ್ತನೆಯ ಹಾಸಿಗೆ ಬೇಡ. ಕೊಡಲಿಯಲ್ಲಿ ಒರಟಾಗಿ ಕಡಿದ ತೊಲೆಯ ಮನೆ ಸಾಕು, ವರ್ಷಕ್ಕೊಂದು ಹೊದಿಕೆ ಸಾಕು, ಸಂಜೆ ಪಂಕ್ತಿಯಲ್ಲಿ ಕೂತು ಒಂದು ಬಟ್ಟಲು ಕರಿ ಸಾರು ಕುಡಿದರೆ ಸಾಕು. ಆ ಸಾರಿಗೆ ಬೇಕಾದ ಹಂದಿಯನ್ನು ಸಾಕುವವರು, ಕೊಯ್ಯುವವರು, ಬಿಸಿ ರಕ್ತ ಹಿಡಿದು ಉಪ್ಪು ಹುಳಿ ಹಾಕಿ ಕುದಿಸುವವರು, ಕೊನೆಗೆ ಬಟ್ಟಲು ತಿಕ್ಕುವವರು ನಾವು, ಹೆಲೋಟರು, ಅವರ ಹುಟ್ಟು ಜೀತದವರು. ನಮ್ಮ ಬೆನ್ನ ಮೇಲೆ ಕೂತು ಸರಳವಾಗಿ ಬದುಕುವುದು ಅವರಿಗೆ ಅಷ್ಟೇನೂ ಕಷ್ಟವಾಗಿರಲಿಲ್ಲ.

ಮೀಕೋನ್ ಅಂಥದೊಂದು ಪಂಕ್ತಿಯ ಆಳು. ಯೂರೋತಾಸ್ ನದಿಗೆ ಇಳಿಯುವ ದಾರಿಯಲ್ಲಿದ್ದ ಆ ಊಟದ ಮನೆಯಲ್ಲಿ ಹದಿನೈದು ಮಂದಿ ಒಡೆಯರು ಉಣ್ಣುತ್ತಿದ್ದರು. ಅವನು ಅಲ್ಲಿ ಎಷ್ಟು ಕಾಲದಿಂದ ಇದ್ದನೆಂದರೆ, ಅವರ ಕಣ್ಣಿಗೆ ಅವನೂ ಒಂದು ಕಂಬ. ಅವನ ಮುಂದೆ ಯಾವ ಮಾತನ್ನೂ ಆಡುತ್ತಿದ್ದರು. ಅವನ ಹೆಸರು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ ದೇವರೇ ಬಲ್ಲ. ನಾಯಿ ಚರ್ಮದ ಟೋಪಿ ಹಾಕಿಕೊಂಡವನು ಆಳು, ಅಷ್ಟು ಗೊತ್ತಿದ್ದರೆ ಸಾಕಾಗಿತ್ತು.

ಆ ಹದಿನೈದರಲ್ಲಿ ಮೀಕೋನ್ ಮನುಷ್ಯ ಅಂತ ಲೆಕ್ಕಕ್ಕೆ ಹಿಡಿದಿದ್ದು ಒಬ್ಬನನ್ನೇ. ಅವನು ದಾಮಿಸ್, ಪಂಕ್ತಿಗೆಲ್ಲ ಹಿರಿಯ. ಹೊಲಿಗೆ ಮೇಲೆ ಹೊಲಿಗೆ ಬಿದ್ದ ಹೊದಿಕೆ, ಬರಿಗಾಲು, ಬಾಯಲ್ಲಿ ನಾಲ್ಕು ಹಲ್ಲು. ಒಮ್ಮೆ ಸಾರು ಚೆಲ್ಲಿದ್ದಕ್ಕೆ ಯಾರೋ ಮೀಕೋನನ ಮೇಲೆ ಕೋಲೆತ್ತಿದಾಗ, "ಬಿಡಯ್ಯಾ, ಕೈ ಜಾರಿದೆ" ಎಂದಿದ್ದ. ಆ ಒಂದು ಮಾತಿಗೆ ಮೀಕೋನ್ ಅಂದಿನಿಂದ ಮೆತ್ತನೆಯ ಮಾಂಸದ ತುಂಡುಗಳನ್ನು ಆರಿಸಿ ಅವನ ಬಟ್ಟಲಿಗೇ ಹಾಕುತ್ತಿದ್ದ. ಎಂಥ ಸೋವಿಗೆ ಮಾರಿಹೋಗಿದ್ದ ನೋಡಿ.

ದಾಮಿಸ್‌ನ ಎದುರಿನ ಹಲಗೆಯ ಮೇಲೆ ಕೂರುವವನು ತೆಲೆಸ್ತಾಸ್. ಯುದ್ಧ ಗೆದ್ದ ಮೇಲೆ ಸಮುದ್ರದಾಚೆಯ ಒಂದು ದ್ವೀಪವನ್ನು ಆಳಿ ಬಂದವನು. ಹೋಗುವಾಗ ಹೆಗಲ ಮೇಲೆ ಗುರಾಣಿ ಬಿಟ್ಟರೆ ಏನೂ ಇರಲಿಲ್ಲ. ಬರುವಾಗ ಜವೆಗೋಧಿ ಮೂಟೆಗಳ ನಡುವೆ ಏನೇನು ಬಂತು ಎಂಬುದು ಅದನ್ನು ಹೊತ್ತ ನಮ್ಮವರ ಸೊಂಟಕ್ಕೆ ಗೊತ್ತು. ಪಂಕ್ತಿಗೆ ಒರಟು ಕಂಬಳಿ ಹೊದ್ದು ಬಂದು, ಮನೆಗೆ ಹೋದ ಮೇಲೆ ಊದಾ ಬಣ್ಣದ ನುಣುಪು ಬಟ್ಟೆ ಉಟ್ಟು, ಬಂಗಾರದ ಬಟ್ಟಲಲ್ಲಿ ದ್ರಾಕ್ಷಾರಸ ಕುಡಿಯುತ್ತಿದ್ದ. ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ, ಯಾಕೆಂದರೆ ಈಗ ಅವನ ಮಾತು ಊರಾಳುವವರ ಚಾವಡಿಯಲ್ಲೂ ನಡೆಯುತ್ತಿತ್ತು.

ಅವನ ಮಗ ಯೂದಾಮ ಮೀಕೋನನ ಮಗನನ್ನು ಕೊಂದ.

ಕೊಲೆ ಅಂತ ಅವರು ಕರೆಯುವುದಿಲ್ಲ. ಪ್ರತಿ ವರ್ಷ ಹೊಸ ಅಧಿಕಾರಿಗಳು ಬಂದ ಕೂಡಲೇ ನಮ್ಮ ಮೇಲೆ ಯುದ್ಧ ಸಾರುತ್ತಾರೆ, ಕೊಂದವರ ಕೈಗೆ ಪಾಪ ಅಂಟದಿರಲಿ ಅಂತ. ಆಮೇಲೆ ಆಯ್ದ ಹುಡುಗರ ಕೈಗೆ ಬಾಕು ಕೊಟ್ಟು ಬೆಟ್ಟಕ್ಕೆ ಕಳಿಸುತ್ತಾರೆ. ಹುಡುಗರು ಪೊದೆಯಲ್ಲಿ ಅಡಗಿದ್ದು ನಮ್ಮಲ್ಲಿ ಗಟ್ಟಿಮುಟ್ಟಾಗಿ ಕಂಡವನನ್ನು ಮುಗಿಸಬೇಕು. ಅದು ಅವರ ಪಾಠ. ಮೀಕೋನನ ಮಗ ಪಿರಿಯಾಸ್ ಗಟ್ಟಿಮುಟ್ಟಾಗಿದ್ದ, ಅದೊಂದೇ ಅವನು ಮಾಡಿದ ತಪ್ಪು. ಕಣದಿಂದ ಬರುವಾಗ ಬಾಯಾರಿ ಅಂಜೂರದ ಮರದಡಿಯ ನೀರಿನ ಊಟೆಯ ಬಳಿ ಬಗ್ಗಿದ್ದವನು ಮತ್ತೆ ಏಳಲಿಲ್ಲ. ಅಪ್ಪ ಮಣ್ಣು ಮಾಡಿ, ಕೈ ತೊಳೆದು, ಹೊತ್ತಿಗೆ ಸರಿಯಾಗಿ ಪಂಕ್ತಿಗೆ ಹೋಗಿ ಒಲೆ ಹೊತ್ತಿಸಿದ. ಹೋಗದಿದ್ದರೆ ಆ ವರ್ಷದ ಎರಡನೆಯ ಹೆಣ ಅವನದೇ ಆಗುತ್ತಿತ್ತು.

ಯಾರು ಮಾಡಿದ್ದು ಅಂತ ತಿಳಿದದ್ದು ಕೆಲವು ದಿನಗಳ ಮೇಲೆ, ತೆಲೆಸ್ತಾಸ್‌ನ ಬಾಯಿಂದಲೇ. ಮೀಕೋನ್ ಬಡಿಸುತ್ತಿದ್ದ. ತೆಲೆಸ್ತಾಸ್ ಮೀಸೆಯಡಿ ನಗುತ್ತಾ ಪಕ್ಕದವನಿಗೆ ಹೇಳುತ್ತಿದ್ದ.

"ಒಳ್ಳೇ ಎತ್ತರದ ಆಳಂತೆ, ಕೆಂಗೂದಲು. ಅಂಜೂರದ ಮರದ ಕೆಳಗೆ ಬಗ್ಗಿ ನೀರು ಕುಡೀತಿದ್ದನಂತೆ. ಒಂದೇ ಏಟು. ನಮ್ಮ ಹುಡುಗನ ಕೈ ಒಂಚೂರೂ ನಡುಗಲಿಲ್ಲವಂತೆ."

ಸೌಟು ಅವನ ಬಟ್ಟಲ ಮೇಲೇ ಇತ್ತು. ತೆಲೆಸ್ತಾಸ್ ತಲೆ ಎತ್ತದೆ, "ಇನ್ನೊಂದು ಸೌಟು ಹಾಕೋ" ಎಂದ. ಮೀಕೋನ್ ಹಾಕಿದ. ಯಾರೋ ಹೊಗಳಿದರು, ಯಾರೋ ತಮ್ಮ ಕಾಲದ ಬೇಟೆಯ ಮಾತು ತೆಗೆದರು. ಮೀಕೋನ್ ದಾಮಿಸ್‌ನ ಮುಖ ನೋಡಿದ. ಈ ಮುದುಕ ಏನಾದರೂ ಅಂದಾನು, ಕಡೇಪಕ್ಷ ಮುಖವಾದರೂ ತಿರುಗಿಸಿಯಾನು ಅಂತ ಅವನಿಗೆ ಆಸೆ.

"ಮಾತು ಸಾಕು," ಎಂದ ದಾಮಿಸ್. "ಸಾರು ತಣ್ಣಗಾಗ್ತಿದೆ."

ಅದನ್ನು ಮೀಕೋನ್ ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡ. ಮುದುಕನಿಗೆ ಅಸಹ್ಯವಾಗಿದೆ, ಅದಕ್ಕೇ ಮಾತು ನಿಲ್ಲಿಸಿದ ಅಂದುಕೊಂಡ. ಹಾಗೆ ಅಂದುಕೊಳ್ಳದಿದ್ದರೆ ಆ ಸಂಜೆ ಅವನ ಎದೆ ಒಡೆದೇ ಹೋಗುತ್ತಿತ್ತು.

ಮನೆಯಲ್ಲಿ ಹೆಂಡತಿ ಮೀರ್ತಿಸ್ ಎಲ್ಲ ಕೇಳಿಸಿಕೊಂಡು, ಸಾರಿಗೆ ಏನನ್ನಾದರೂ ಬೆರೆಸು, ಹದಿನೈದೂ ಒಟ್ಟಿಗೇ ಉರುಳಲಿ ಎಂದಳು. ಬೆಟ್ಟದಲ್ಲಿ ಯಾವ ಗಿಡ ಎಲ್ಲಿದೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೀಕೋನ್ ಬೇಡವೆಂದು ತಲೆಯಾಡಿಸಿದ.

"ಸತ್ತರೆ ಅವರಿಗೆ ಹಬ್ಬ ಕಣೇ. ಹಾಡು ಕಟ್ತಾರೆ, ಅವ್ವಂದಿರು ನಗುನಗ್ತಾ ಬೀದೀಲಿ ಓಡಾಡ್ತಾರೆ. ಸಾಯಿಸಬಾರದು. ಬದುಕಿರಬೇಕು, ಬದುಕಿದ್ದು ತಲೆ ಎತ್ತಬಾರದು."

"ಅದನ್ನ ನೀನು ಮಾಡ್ತೀಯಾ? ಬಟ್ಟಲು ತಿಕ್ಕೋನು?"

"ಬೋಗುಣಿ ಹೊರೋನೂ ನಾನೇ ಅಲ್ವಾ?"

ಮೀರ್ತಿಸ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎದ್ದು ಹೋಗಿ ಹಿಟ್ಟಿನ ಮಡಕೆ ತಂದಳು.

ಪಂಕ್ತಿಗೆ ಹೊಸಬನನ್ನು ಸೇರಿಸುವ ಕ್ರಮ ಹೀಗೆ. ಕೈ ಒರೆಸಿಕೊಳ್ಳಲು ಮೆತ್ತನೆಯ ರೊಟ್ಟಿ ಕೊಡುತ್ತಾರಲ್ಲ, ಸಾರು ಬಡಿಸುವ ಮೊದಲು ಅದರದೊಂದು ಚೂರನ್ನು ಪ್ರತಿಯೊಬ್ಬನೂ ಉಂಡೆ ಮಾಡುತ್ತಾನೆ. ಆಳು ತಲೆಯ ಮೇಲೆ ಬೋಗುಣಿ ಹೊತ್ತು ಹಲಗೆಯಿಂದ ಹಲಗೆಗೆ ಹೋಗುತ್ತಾನೆ. ಹುಡುಗ ಒಪ್ಪಿಗೆಯಾದರೆ ಉಂಡೆಯನ್ನು ಉಂಡೆಯಾಗಿಯೇ ಹಾಕಬೇಕು, ಒಲ್ಲೆ ಎನ್ನುವವನು ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿ ಹಾಕಬೇಕು. ಒಂದೇ ಒಂದು ಚಪ್ಪಟೆ ಸಿಕ್ಕರೂ ಹುಡುಗನಿಗೆ ಬಾಗಿಲು ಮುಚ್ಚಿತು. ಯಾರು ಒತ್ತಿದರು ಅಂತ ಕೇಳುವ ಹಾಗಿಲ್ಲ. ಅಪ್ಪನ ಪಂಕ್ತಿಯೇ ಬೇಡವೆಂದವನನ್ನು ಬೇರೆ ಯಾವ ಪಂಕ್ತಿ ಸೇರಿಸೀತು? ಪಂಕ್ತಿಯಿಲ್ಲದವನು ಒಡೆಯನೇ ಅಲ್ಲ, ಅವನಿಗೆ ಸಭೆಯಲ್ಲಿ ಜಾಗವಿಲ್ಲ, ದಂಡಿನಲ್ಲಿ ಮರ್ಯಾದೆಯಿಲ್ಲ. ಯಾರು ಏನು ಹಾಕಿದರೆಂಬುದು ಮನುಷ್ಯರ ಕಣ್ಣಿಗೆ ಬೀಳದಿರಲಿ ಅಂತ ಅವರು ಆ ಬೋಗುಣಿಯನ್ನು ಆಳಿನ ತಲೆಯ ಮೇಲಿಟ್ಟಿದ್ದರು. ಆಳಿಗೆ ಕೈಗಳಿವೆ, ಕೈಗೆ ಹೆಬ್ಬೆರಳಿದೆ ಎಂಬುದು ಇಷ್ಟು ತಲೆಮಾರಿನಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ.

ಚಳಿಗಾಲವೆಲ್ಲ ಮೀಕೋನ್ ಮನೆಯಲ್ಲಿ ಮಡಕೆ ಹೊತ್ತು ಸುತ್ತಿದ. ಮೀರ್ತಿಸ್ ಅದರೊಳಗೆ ಹಿಟ್ಟಿನ ಉಂಡೆಗಳನ್ನು ಹಾಕುವಳು. ಅವನು ನಡೆಯುತ್ತಲೇ ಮಡಕೆಯನ್ನು ತುಸು ಹಿಂದಕ್ಕೆ ವಾಲಿಸಿ, ಒಳಗಿಟ್ಟ ಹೆಬ್ಬೆರಳಿಗೆ ತಾಕಿದ ಒಂದನ್ನು ಒತ್ತುವನು. ಮೊದಮೊದಲು ಎರಡು ಮೂರು ಅಂಟಿಕೊಂಡು ಮುದ್ದೆಯಾದವು. ಕೆಲವು ಸಲ ಹೊರಗಿನ ಬೆರಳೂ ಅಲುಗುತ್ತಿತ್ತು, ಆಗ ಮೀರ್ತಿಸ್ ಸೌದೆ ಕಡ್ಡಿಯಿಂದ ಗೆಣ್ಣಿಗೆ ಬಾರಿಸುವಳು. ಅವಳ ಏಟಿನಲ್ಲಿ ಸಿಟ್ಟಿತ್ತು, ಆದರೆ ಮಗ ಹೋದ ಮೇಲೆ ಆ ಮನೆಯಲ್ಲಿ ಗಂಡ ಹೆಂಡತಿ ಸೇರಿ ಮಾಡಿದ ಕೆಲಸ ಅದೊಂದೇ.

ಯೂದಾಮನ ದಿನ ಬಂತು. ಅವನು ಬಾಗಿಲ ಬಳಿ ಎದೆ ಉಬ್ಬಿಸಿ ನಿಂತಿದ್ದ. ಚೆಲುವ, ಗೆದ್ದೇ ಬಿಟ್ಟೆನೆಂಬ ಮುಖ. ಮೀಕೋನ್ ಆ ದಿನದ ರೊಟ್ಟಿಗೆ ನೀರು ಒಂದು ಹನಿ ಜಾಸ್ತಿ ಹಾಕಿ ನಾದಿದ್ದ. ಬೋಗುಣಿ ತಲೆಗೇರಿಸಿದ. ಹದಿನೈದು ಕೈಗಳು ಒಂದೊಂದಾಗಿ ಮೇಲೆದ್ದವು, ಉಂಡೆಗಳು ತಟ್ ತಟ್ ಅಂತ ಬಿದ್ದವು. ಒಲೆಯನ್ನು ಬಳಸಿ ಹಿಂದಿರುಗುವ ಹತ್ತು ಹೆಜ್ಜೆಯಲ್ಲಿ ಬೋಗುಣಿ ತುಸು ವಾಲಿತು, ಹೆಬ್ಬೆರಳ ಕೆಳಗೆ ಮೆತ್ತನೆಯದೇನೋ ಬಂತು. ಪಿರಿಯಾಸ್, ಇದು ನಿನಗೆ ಕಣಪ್ಪ ಅಂತ ಮನಸ್ಸಿನಲ್ಲೇ ಅಂದು ಒತ್ತಿದ.

ದಾಮಿಸ್ ಬೋಗುಣಿಯನ್ನು ಹಲಗೆಯ ಮೇಲೆ ಬೋರಲು ಹಾಕಿದ.

ಚಪ್ಪಟೆಯಾದವು ಎರಡಿದ್ದವು.

ಮೀಕೋನ್ ಮತ್ತೊಮ್ಮೆ ಎಣಿಸಿದ. ತಾನು ಒತ್ತಿದ್ದು ಒಂದೇ, ಅದರಲ್ಲಿ ಅವನಿಗೆ ಸಂಶಯವಿರಲಿಲ್ಲ. ತೆಲೆಸ್ತಾಸ್ ಎದ್ದು ನಿಂತಿದ್ದ. ಕೇಳಬಾರದ್ದನ್ನು ಕೇಳಿದ, ಇದು ಯಾರ ಕೆಲಸ ಅಂತ. ದಾಮಿಸ್ ಅವನನ್ನೇ ನೋಡುತ್ತಾ, ಕೇಳಿದ್ದೀಯಲ್ಲ, ಹೇಳುತ್ತೇನೆ ಎಂದ.

"ಒಂದು ನನ್ನದು. ಇನ್ನೊಂದು ಯಾರದೋ ನಂಗೆ ಗೊತ್ತಿಲ್ಲ."

ಮೀಕೋನನ ಎದೆ ತುಂಬಿ ಬಂತು. ನನ್ನ ಮುದುಕ, ನನ್ನ ಮುದುಕ ಮರೆತಿರಲಿಲ್ಲ ಅಂದುಕೊಂಡ. ಕಣ್ಣು ಮಂಜಾಯಿತು.

"ನನ್ನ ಮಗ ಏನು ಕಮ್ಮಿ ಮಾಡಿದ?" ಎಂದ ತೆಲೆಸ್ತಾಸ್. "ಓಟದಲ್ಲಿ ಅವನೇ ಮುಂದೆ. ಬೆಟ್ಟಕ್ಕೆ ಹೋದಾಗ ಅವನ ಬಾಕು ತಪ್ಪಲಿಲ್ಲ."

"ಬಾಕಿನ ಕೆಲಸ ಚೆನ್ನಾಗೇ ಮಾಡಿದ," ಎಂದ ದಾಮಿಸ್. "ಅದರಲ್ಲಿ ನಾನೇನೂ ಕೊರತೆ ಹೇಳಲ್ಲ. ನಿನ್ನ ಮನೇಲಿ ಬಂಗಾರದ ಬಟ್ಟಲಿದೆ, ಹುಡುಗ ಅದರಲ್ಲಿ ಕುಡಿದು ಬೆಳೆದ. ಅಂಥ ಬಾಯಿಗೆ ಈ ಸಾರು ರುಚಿಸಲ್ಲ. ಹೋಗು."

ಮೀಕೋನ್ ಬರಿದಾದ ಬೋಗುಣಿ ಹಿಡಿದು ನಿಂತಿದ್ದ. ಒಂದು ಬಂಗಾರದ ಬಟ್ಟಲು ದಾಮಿಸ್ ಎಂಬ ಆ ಪುಣ್ಯಾತ್ಮನ ಮನಸ್ಸು ಕೆಡಿಸಿತ್ತು. ಪಿರಿಯಾಸ್‌ನ ರಕ್ತ ಕೆಡಿಸಿರಲಿಲ್ಲ. ಬೇಡ ಬೇಡ ಎನ್ನುತ್ತಾ ಬದುಕಿದ ಆ ಮುದುಕನಿಗೆ ನಮ್ಮ ಪ್ರಾಣವೂ ಬೇಡದ ಪದಾರ್ಥಗಳಲ್ಲಿ ಒಂದು. ತೆಲೆಸ್ತಾಸ್‌ನ ಮೇಲಿನ ಸಿಟ್ಟು ಆ ಗಳಿಗೆಯಲ್ಲಿ ಮೀಕೋನನಿಗೆ ಚಿಕ್ಕದಾಗಿ ಕಂಡಿತು. ಕಳ್ಳನನ್ನು ದ್ವೇಷಿಸುವುದು ಸುಲಭ. ಇಷ್ಟು ವರ್ಷ ಮೆತ್ತನೆಯ ತುಂಡು ಆರಿಸಿ ಹಾಕಿದ್ದನ್ನು ನೆನೆದು ಅವನಿಗೆ ತನ್ನ ಕೈಯ ಮೇಲೇ ಹೇಸಿಗೆಯಾಯಿತು.

ಯೂದಾಮ ಮೂಲೆಗೆ ಬಿದ್ದ. ಹಬ್ಬದ ದಿನ ಓರಗೆಯವರು ಸಾಲಾಗಿ ಕೂತು ಉಂಡರೆ ಅವನು ದೂರದಲ್ಲಿ ನಿಂತು ನೋಡಬೇಕು. ಹೆಂಗಸರು ಅವನ ಹೆಸರು ಸೇರಿಸಿ ಅಣಕದ ಹಾಡು ಹಾಡುತ್ತಿದ್ದರು. ಕೊನೆಗೆ ಯಾರದೋ ಕೂಲಿ ದಂಡಿಗೆ ಸೇರಿ ಊರು ಬಿಟ್ಟ. ತೆಲೆಸ್ತಾಸ್ ಪಂಕ್ತಿಗೆ ಬರುವುದನ್ನೇ ಬಿಟ್ಟ, ಬಿಟ್ಟವನು ಒಡೆತನವನ್ನೂ ಕಳೆದುಕೊಂಡ. ಮೀರ್ತಿಸ್ ನದಿಯಲ್ಲಿ ಬಟ್ಟೆ ಒಗೆಯುವಾಗ ಆ ಅಣಕದ ಹಾಡನ್ನೇ ಗುನುಗುತ್ತಿದ್ದಳು. ಮೀಕೋನನಿಗೂ ಹಿತವಾಗಿತ್ತು, ಸುಳ್ಳು ಯಾಕೆ ಹೇಳಬೇಕು.

ಆದರೆ ಎರಡನೆಯ ಚಪ್ಪಟೆ ಪಂಕ್ತಿಯ ಹೊಟ್ಟೆಯಲ್ಲಿ ಮುಳ್ಳಾಗಿ ಉಳಿಯಿತು. ದಾಮಿಸ್ ತನ್ನದನ್ನು ಮುಖದ ಮೇಲೆ ಹೇಳಿದ್ದ, ಹೇಳದೆ ಕೂತ ಇನ್ನೊಬ್ಬ ಯಾರು? ಗುರಾಣಿಗೆ ಗುರಾಣಿ ತಾಗಿಸಿ ನಿಂತಿದ್ದವರು ಈಗ ಒಬ್ಬರ ಬೆರಳನ್ನು ಒಬ್ಬರು ಗಮನಿಸುತ್ತಿದ್ದರು. ನಗೆಮಾತು ನಿಂತಿತು.

ಮರುವರ್ಷ ದಾಮಿಸ್‌ನ ಮೊಮ್ಮಗ ಕ್ಲೆಯೋನನ ಸರದಿ. ತಂದೆ ಯುದ್ಧದಲ್ಲಿ ಸತ್ತಿದ್ದ, ತಾತನೇ ಸಾಕಿದ ಹುಡುಗ. ಬರಿಗಾಲು, ತಾತನ ಹಾಗೇ ಹೊಲಿಗೆ ಬಿದ್ದ ಹೊದಿಕೆ. ದಾರಿಯಲ್ಲಿ ನಮ್ಮವರ ಗಾಡಿ ಹೂತುಹೋದರೆ ಹೆಗಲು ಕೊಡುವಂಥವನು. ಬೆಟ್ಟಕ್ಕೆ ಹೋದವನೂ ಅಲ್ಲ, ಕಾಲು ಮುರಿದುಕೊಂಡು ಆ ವರ್ಷ ತಪ್ಪಿಸಿಕೊಂಡಿದ್ದ.

ಮೀಕೋನ್ ಬೆಳಿಗ್ಗೆ ಹಿಟ್ಟಿಗೆ ನೀರು ಹಾಕುವುದನ್ನು ಮೀರ್ತಿಸ್ ನೋಡಿದಳು. ಒಂದು ಹನಿ ಜಾಸ್ತಿಯಾದದ್ದೂ ಅವಳಿಗೆ ಕಂಡಿತು.

"ಆ ಹುಡುಗ ನಮಗೇನು ಮಾಡಿದಾನೆ?" ಎಂದಳು ಮೆಲ್ಲಗೆ.

"ಏನೂ ಮಾಡಿಲ್ಲ. ಪಿರಿಯಾಸ್ ಏನು ಮಾಡಿದ್ದ?"

ಅವಳು ಎದ್ದು ಒಳಗೆ ಹೋದಳು. ಮೀಕೋನ್ ನಾದುತ್ತಲೇ ಇದ್ದ.

ಸಂಜೆ ಬೋಗುಣಿ ಸುತ್ತಿತು. ಹೆಬ್ಬೆರಳು ತನ್ನ ಕೆಲಸ ಮಾಡಿತು, ಆ ಸಲ ಯಾರ ಹೆಸರನ್ನೂ ನೆನೆಯದೆ. ದಾಮಿಸ್ ಬೋರಲು ಹಾಕಿ, ಒಂದೊಂದೇ ಉಂಡೆ ಸರಿಸಿದ. ಕೊನೆಗೆ ಚಪ್ಪಟೆಯಾದ ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತ. ಬಾಗಿಲಲ್ಲಿದ್ದ ಹುಡುಗ ತಾತನ ಮುಖ ನೋಡಿಯೇ ತಿಳಿದುಕೊಂಡು ಹೊರಗೆ ಹೋದ. ಅವನು ಅಳುತ್ತಿದ್ದನೋ ಏನೋ, ಮೀಕೋನ್ ಆ ಕಡೆ ನೋಡಲಿಲ್ಲ.

ಕ್ರಮದ ಪ್ರಕಾರ ಯಾರನ್ನೂ ಕೇಳುವ ಹಾಗಿಲ್ಲ. ಒಮ್ಮೆಯೂ ಕ್ರಮ ಮೀರದವನು ದಾಮಿಸ್. ಬಂಗಾರವಿಲ್ಲ, ಬೆಳ್ಳಿಯಿಲ್ಲ, ಇದ್ದದ್ದು ಆ ಮೊಮ್ಮಗ ಮತ್ತು ಈ ಗೆಳೆಯರು. ಈಗ ಗೆಳೆಯರಲ್ಲಿ ಯಾರೋ ಒಬ್ಬ ಮೊಮ್ಮಗನನ್ನು ಮುಗಿಸಿದ್ದ.

ಮೀಕೋನ್ ಬಟ್ಟಲು ತಂದು ಅವನ ಮುಂದಿಟ್ಟ.

"ಸಾರು ತಣ್ಣಗಾಗ್ತಿದೆ, ಒಡೆಯಾ," ಎಂದ.

ದಾಮಿಸ್ ತಲೆ ಎತ್ತಿದ. ಎದುರಿಗೆ ಕೂತ ಮುಖಗಳನ್ನು ಒಂದೊಂದಾಗಿ ನೋಡಿದ, ಪಕ್ಕದಲ್ಲಿ ನಿಂತವನನ್ನು ಬಿಟ್ಟು. ಮೀಕೋನ್ ಬಗ್ಗಿ ಇನ್ನೊಂದು ಸೌಟು ಹಾಕಿದ.