ಹರಕು ಹುಲ್ಲುಟೋಪಿ

ಓಕಿನು ತೀರಿಕೊಂಡ ಮೇಲೆ ನಾನು ಬರೆದ ಮೊದಲ ಚಿತ್ರ ಅದು. ಮದುವೆಗೆ ಮುಂಚೆ ಅವಳು ಯೋಶಿವಾರದ ಸೂಳೆಗೇರಿಯ ಒಂದು ಮನೆಯಲ್ಲಿ, ಮರದ ಸರಳುಗಳ ಹಿಂದೆ ಗಿರಾಕಿಗಳಿಗಾಗಿ ಅಲಂಕರಿಸಿಕೊಂಡು ಕೂರುತ್ತಿದ್ದವಳು. "ಒಳಗಿಂದ ನೋಡಿದ್ರೆ ಪಂಜರದಲ್ಲಿರೋರು ನೀವೇ ಕಣ್ರೀ" ಎಂದು ಅಂಗಿಯ ತೋಳು ಬಾಯಿಗಿಟ್ಟು ನಗುತ್ತಿದ್ದಳು. ಅದನ್ನೇ ಬರೆದೆ. ಸರಳುಗಳ ಈಚೆ, ನೋಡುವವರಿಗೆ ಬೆನ್ನು ತಿರುಗಿಸಿ ಕೂತ ಹೆಣ್ಣೊಬ್ಬಳು. ಸರಳುಗಳ ಆಚೆ, ಮುಖ ಮರೆಸುವ ಹುಲ್ಲುಟೋಪಿ ತೊಟ್ಟ ದೊಡ್ಡಮನುಷ್ಯರ ಸಾಲು. ಹೆಣ್ಣಿನ ಕತ್ತು ಮಾತ್ರ ಓಕಿನುವಿನದೇ. ಸತ್ತವರು ಮನೆಗೆ ಬರುವ ಬಾನ್ ಹಬ್ಬದೊಳಗೆ ಚಿತ್ರ ಅಚ್ಚಾಗಿ ಊರೆಲ್ಲ ನೋಡಬೇಕು, ನನಗೆ ಬೇಕಾದದ್ದು ಅಷ್ಟೇ.

ಚಿತ್ರದ ಮೇಲೆ ಸರ್ಕಾರದ ಒಪ್ಪಿಗೆಯ ಮೊಹರು ಬೀಳದೆ ಅಚ್ಚಿನ ಹಲಗೆ ಕೆತ್ತುವಂತಿಲ್ಲ. ಅಚ್ಚು ಹಾಕಿಸುವ ಅಂಗಡಿಯ ಮಗೊಬೆಯನ್ನು ಕರೆದುಕೊಂಡು, ಮೊಹರಿನ ಅಧಿಕಾರವಿದ್ದ ಕುರೋಕಾವರ ಮನೆಗೆ ಹೋದೆ. ಯೋಶಿವಾರದ ಹೆಸರು ಕಿವಿಗೆ ಬಿದ್ದರೆ ಸ್ನಾನ ಮಾಡುವಷ್ಟು ಮಡಿವಂತರೆಂದು ಅವರ ಹೆಸರು.

ಅವರು ಬಹಳ ಹೊತ್ತು ನೋಡಿದರು. ಇದು ಮಾನವಂತರ ಅಣಕ, ಹರಿದು ಹಾಕು ಎಂದರು. ಮಗೊಬೆ ಚಾಪೆಗೆ ಹಣೆ ಹಚ್ಚಿದ. ಇವೆಲ್ಲ ಆ ಕೇರಿಯ ಹೆಬ್ಬಾಗಿಲ ಹತ್ತಿರದ ಚಹಾದಂಗಡಿಗಳು ಬಾಡಿಗೆಗೆ ಕೊಡುವ ಟೋಪಿಗಳು, ಕೆಳಗೆ ಯಾರಿದ್ದಾರೋ ನನಗೂ ಗೊತ್ತಿಲ್ಲ ಎಂದು ನಾನು ಬೇಡಿಕೊಂಡೆ. ಅವರ ಬೆರಳು ಅಂಚು ಹರಿದ ಒಂದು ಟೋಪಿಯ ಮೇಲೆ ನಿಂತಿತು.

"ಇದು ಯಾರ್ದು?"

"ಯಾರ್ದೂ ಅಲ್ಲ ಯಜಮಾನ್ರೇ. ಬಾಡಿಗೇದು."

"ಬಾಡಿಗೇದಾದ್ರೇನು, ನೋಡಿ ಬರೀಬೇಡ್ವಾ? ಅದು ಹರಿದಿರೋದು ಎಡಗಡೆ."

ಬೀದಿಯಲ್ಲಿ ತೋಫು ಮಾರುವವನು ಕೂಗಿಕೊಂಡು ಹೋದ. ಮಗೊಬೆ ತಲೆ ಎತ್ತಲಿಲ್ಲ. ನಗು ತಡೆದ ಅವನ ಭುಜಗಳು ಮಾತ್ರ ಕುಲುಕುತ್ತಿದ್ದವು.

"ತಿದ್ದಿ ಎಡಗಡೇನೇ ಬರೀತೀನಿ ಯಜಮಾನ್ರೇ" ಎಂದೆ.

"ಬೇಡ. ಇದ್ದ ಹಾಗೇ ಇರ್ಲಿ."

ಮೊಹರು ತೆಗೆದುಕೊಂಡರು. ಮೂಲೆಯಲ್ಲಿ ಬೇಕಾದಷ್ಟು ಜಾಗವಿತ್ತು. ಅವರು ಮಾತ್ರ ಆ ಹರಕಿನ ಮೇಲೆಯೇ ಒತ್ತಿ, ಅದು ಪೂರ್ತಿ ಮುಚ್ಚಿತೇ ಎಂದು ಬಗ್ಗಿ ನೋಡಿದರು.

ಕೆತ್ತುವವನು ಮೊಹರನ್ನೂ ಚಿತ್ರದ ಜೊತೆಗೇ ಕೆತ್ತಿದ. ಹಬ್ಬಕ್ಕೆ ಮುಂಚೆಯೇ ಅಂಗಡಿಯ ಮುಂದೆ ಜನ ಸೇರಿತು. ಬಂದವರೆಲ್ಲ ಕೇಳಿದ್ದು ಒಂದೇ ಮಾತು: ಇಷ್ಟು ಟೋಪಿಗಳಲ್ಲಿ ಸರ್ಕಾರದ ಮೊಹರು ಬಿದ್ದಿರುವ ಈ ಮಹಾನುಭಾವ ಯಾರು?

ಹಬ್ಬದ ದಿನ ಓಕಿನುವಿನ ಹೆಸರು ಬರೆದ ಪೂಜೆಯ ಫಲಕದ ಮುಂದೆ ಒಂದು ಪ್ರತಿ ಇಟ್ಟು, ಊದುಬತ್ತಿ ಹಚ್ಚಿ, ಅಮಿದ ಬುದ್ಧನ ನಾಮ ಹೇಳಿ, ನಡೆದದ್ದನ್ನೆಲ್ಲ ಒಪ್ಪಿಸಿದೆ. ಅವಳಿದ್ದಿದ್ದರೆ ಮೊದಲು ಏನು ಕೇಳುತ್ತಿದ್ದಳೆಂದು ನನಗೆ ಗೊತ್ತು: "ಇದ್ರಲ್ಲಿ ನಿಮ್ಮ ಟೋಪಿ ಯಾವ್ದು ಕಣ್ರೀ?"

ಸಾಲಿನ ಕೊನೆಯಲ್ಲಿ ಸೊಟ್ಟಗೆ ಕೂತಿದ್ದ ಟೋಪಿಯ ಮೇಲೆ ಬೆರಳಿಟ್ಟು ತೋರಿಸಿದೆ.