ಮಗ್ಗಿನೊಳಗಿನ ಚಮಚ

ತಪಾಸಣೆಗೆ ಬರುತ್ತೇವೆಂದು ವೃದ್ಧಾಶ್ರಮಕ್ಕೆ ಒಂದು ದಿನ ಮೊದಲೇ ತಿಳಿಸಬೇಕು, ಅದು ನಮ್ಮ ನಿಯಮ. ಆ ಒಂದು ದಿನದಲ್ಲಿ ಏನೇನು ಮುಚ್ಚಿಹಾಕುತ್ತಾರೆಂದು ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದ ನನಗೆ ಮೂಗೇ ಹೇಳುತ್ತದೆ. ಬಾಗಿಲಲ್ಲೇ ಫಿನಾಯಿಲ್ ಘಾಟು ಹೊಡೆದರೆ ಒಳಗೇನೋ ಹುಳುಕಿದೆ ಎಂದರ್ಥ. ಆ ನವೆಂಬರ್ ಮಂಗಳವಾರ ಡೈಷ್‌ಬ್ಲಿಕ್ ವೃದ್ಧಾಶ್ರಮದ ಬಾಗಿಲು ತೆರೆದಾಗ ಸೀದ ಬ್ರೆಡ್ಡಿನ ವಾಸನೆ ಬಂತು. ಪರವಾಗಿಲ್ಲ, ಇವರು ನಾಟಕ ಕಟ್ಟಿಲ್ಲ ಅಂದುಕೊಂಡೆ.

ನನ್ನ ಹೆಸರು ಟೊಮ್ಮಾ ಹಾರ್ಮ್ಸ್. ಇಲ್ಲಿಂದ ಹನ್ನೊಂದು ಕಿಲೋಮೀಟರ್ ಆಚೆ, ಇದೇ ಕಡಲ ಒಡ್ಡಿನ ಪಕ್ಕದ ಹಳ್ಳಿಯಲ್ಲಿ ಹುಟ್ಟಿದವಳು. ಮೊದಲು ನರ್ಸ್ ಆಗಿದ್ದೆ, ಈಗ ನರ್ಸುಗಳ ತಪ್ಪು ಹುಡುಕುವವಳು. ನಾನು ಒಳಗೆ ಬಂದರೆ ಯಾರ ಮುಖವೂ ಅರಳುವುದಿಲ್ಲ. ಅದು ಅಭ್ಯಾಸವಾಗಿದೆ, ಸುಳ್ಳು ಹೇಳಬಾರದು, ಸ್ವಲ್ಪ ಇಷ್ಟವೂ ಆಗಿದೆ.

ಆಶ್ರಮದ ಮೇಲ್ವಿಚಾರಕಿ ಕ್ರಿಸ್ಟಿನೆ ಹೆಫೆಲೆ. ದೇಶದ ತೆಂಕಣ ತುದಿಯವರು, ಇಲ್ಲಿಗೆ ಬಂದು ಆರು ವರ್ಷವಾದರೂ ನಮ್ಮ ಚಹಾ ಕಂಡರೆ ಮೂಗು ಮುರಿಯುವ ಕಾಫಿ ಪ್ರಾಣಿ. ಕಡತಗಳನ್ನು ಮಾತ್ರ ಮದುವೆಗೆ ಜೋಡಿಸಿದ ಹಾಗೆ ಜೋಡಿಸಿಟ್ಟಿದ್ದರು. ನಿಯಮದಂತೆ ಚೀಟಿ ಎತ್ತಿ ಒಂಬತ್ತು ಜನರನ್ನು ಆರಿಸಿದೆವು. ಒಬ್ಬೊಬ್ಬರ ಮೈ ನೋಡಬೇಕು, ಮಾತಾಡಿಸಬೇಕು, ಕಾಗದ ಓದಬೇಕು, ಕೊನೆಗೆ ಅಂಕ ಕೊಡಬೇಕು. 'ಎ' ಅಂದರೆ ಎಲ್ಲ ಸರಿ. 'ಡಿ' ಅಂದರೆ ಆಶ್ರಮದ ತಪ್ಪಿನಿಂದ ಆ ಜೀವಕ್ಕೆ ಕೆಡುಕಾಗಿದೆ.

ಎರಡನೇ ಚೀಟಿ ರೀಮ್ಡಾ ಓಲ್ಟ್‌ಮನ್ಸ್ ಅವರದು. ಎಂಬತ್ತೆಂಟು ವರ್ಷ, ಮರೆವಿನ ಕಾಯಿಲೆ. ಮಾರ್ಚ್‌ನಲ್ಲಿ ಬಂದಾಗ ಐವತ್ತೈದು ಕಿಲೋ ಇದ್ದವರು ಈಗ ನಲವತ್ತನಾಲ್ಕು. ಕೈಯ ಚರ್ಮ ಚಿವುಟಿ ಬಿಟ್ಟರೆ ಚಿವುಟಿದ ಹಾಗೇ ನಿಲ್ಲುತ್ತಿತ್ತು. ನಾಲಿಗೆ ಒಣ ಚಕ್ಕೆಯಾಗಿತ್ತು. ಬಾಯೇ ಒಣಗಿದ ಮೇಲೆ ಬ್ರೆಡ್ ಎಲ್ಲಿಂದ ಇಳಿಯಬೇಕು?

ಕಾಗದದಲ್ಲಿ ಮಾತ್ರ ಒಂದು ಕೊರತೆಯೂ ಇಲ್ಲ. ದಿನಕ್ಕೆ ಎಂಟು ಸಲ ಒಂದೇ ಸಾಲು: 'ಪಾನೀಯ ನೀಡಲಾಯಿತು. ನಿರಾಕರಿಸಿದರು.' ಗಂಟಲು ಪರೀಕ್ಷೆ ಮಾಡಿಸಿದ್ದರು, ನುಂಗಲು ತೊಂದರೆಯಿಲ್ಲ. ವೈದ್ಯರಿಗೆ ತಿಳಿಸಿದ್ದರು, ಮಗನಿಗೂ ತಿಳಿಸಿದ್ದರು. ಗುರುವಾರ ಆಸ್ಪತ್ರೆಯಲ್ಲಿ ಹೊಟ್ಟೆಗೆ ತೂತು ಮಾಡಿ ಟ್ಯೂಬ್ ಹಾಕುವುದೆಂದು ಗೊತ್ತಾಗಿತ್ತು. ಸಹಿ ಹಾಕಲು ಮಗ ನಾನು ಹೋದ ಆ ಮಂಗಳವಾರವೇ ನಾಲ್ಕು ಗಂಟೆಗೆ ಬರುವವನಿದ್ದ.

"ನೀರಾದ್ರೂ ಕುಡೀತಾರಾ?" ಎಂದು ಕೇಳಿದೆ.

"ನೀರಾ? ನೀರು ದನಕ್ಕೆ ಅಂತಾರೆ," ಎಂದರು ಹೆಫೆಲೆ. "ಜ್ಯೂಸ್ ಎರಡು ಗುಟುಕು. ಟೀ ಅಂತೂ ಮುಟ್ಟೋದೇ ಇಲ್ಲ, ಹಾರ್ಮ್ಸ್ ಮೇಡಂ. ಬೈಯೋದಿಲ್ಲ, ಕೂಗೋದಿಲ್ಲ. ನಗ್ತಾ ನಗ್ತಾ ಸಾಕು ಅಂತಾರೆ. ನಾವಿನ್ನೇನು ಮಾಡೋಣ, ಮೂಗು ಹಿಡಿದು ಹುಯ್ಯೋಣ್ವಾ?"

ನಿಯಮದ ಪ್ರಕಾರ ಅವರು ಹೇಳಿದ್ದು ಸರಿ. ಕೊಡಬೇಕಾದ್ದನ್ನು ಕೊಟ್ಟಿದ್ದಾರೆ, ಬರೆಯಬೇಕಾದ್ದನ್ನು ಬರೆದಿದ್ದಾರೆ. 'ಎ' ಹಾಕಲು ಪೆನ್ನು ಎತ್ತಿದೆ. ಆದರೆ ಈ ಸೀಮೆಯ ಎಂಬತ್ತೆಂಟರ ಮುದುಕಿ ಚಹಾ ಬೇಡವೆಂದಿದ್ದು ನನ್ನ ತಲೆಗೆ ಹೋಗಲಿಲ್ಲ. ನಮ್ಮಲ್ಲಿ ಸಾಯುವವರೂ ಮೂರು ಗಂಟೆಯ ಚಹಾ ಮುಗಿಸಿಯೇ ಸಾಯುತ್ತಾರೆ. ಪೆನ್ನು ಮುಚ್ಚಿಟ್ಟೆ.

ಚೀಟಿಯ ಉಳಿದವರನ್ನು ನೋಡುತ್ತಾ ಹೋಗಿ, ಮೂರು ಗಂಟೆಗೆ ಊಟದ ಕೋಣೆಯಲ್ಲಿ ರೀಮ್ಡಾ ಅವರ ಎದುರೇ ಕುಳಿತೆ. ಅವರು ಕೂದಲು ಬಾಚಿಸಿಕೊಂಡು, ಕೈ ಮಡಚಿಕೊಂಡು, ಯಾರದೋ ಮನೆಗೆ ಬಂದ ನೆಂಟರಂತೆ ಕೂತಿದ್ದರು.

"ಮೋಯಿನ್, ಅಮ್ಮಾ," ಎಂದು ನಮ್ಮ ಸೀಮೆಯ ನಮಸ್ಕಾರ ಹೇಳಿದೆ.

"ಮೋಯಿನ್. ಯಾರ ಮಗಳು ನೀನು?"

"ಹಾರ್ಮ್ಸ್ ಮನೆಯವಳು. ಅಪ್ಪ ಒಡ್ಡಿನ ಮೇಲೆ ಕುರಿ ಕಾಯ್ತಿದ್ರು."

"ಓ, ಆ ಜಗಳಗಂಟನ ಮಗಳಾ!" ಎಂದು ನಕ್ಕರು. ಅಪ್ಪ ಜಗಳಗಂಟನೇ ಆಗಿದ್ದ, ಎದುರಾಡಲಿಲ್ಲ.

ಚಹಾದ ಗಾಡಿ ಬಂತು. ಕೆಲಸದ ಹೆಂಗಸು ದಪ್ಪನೆಯ ಮಗ್‌ಗಳನ್ನು ಒಂದೊಂದಾಗಿ ಇಡುತ್ತಾ ಬಂದಳು. ಚಹಾ ಬಿಸಿಯಾಗಿತ್ತು, ಕೆನೆ ಹಾಕಿತ್ತು, ಕಲ್ಲುಸಕ್ಕರೆಯೂ ಇತ್ತು. ರೀಮ್ಡಾ ತಮ್ಮ ಮಗ್ ನೋಡಿದರು. ಬೆರಳ ತುದಿಯಿಂದ ಮೆತ್ತಗೆ ಆಚೆ ಸರಿಸಿದರು.

"ಸಾಕಮ್ಮ, ನಂದಾಯ್ತು. ಚೆನ್ನಾಗಿತ್ತು ಟೀ."

ಆ ಹೆಂಗಸು ನನ್ನತ್ತ ನೋಡಿ ಭುಜ ಹಾರಿಸಿದಳು. ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡಳು.

ನನ್ನ ಮುಂದೆಯೂ ಒಂದು ಮಗ್ ಇತ್ತು. ಕುಡಿಯೋಣವೆಂದು ಅದರೊಳಗಿದ್ದ ಚಮಚ ತೆಗೆದು ಪಕ್ಕಕ್ಕಿಡಲು ಹೋದೆ. ಇಡಲು ಜಾಗವಿರಲಿಲ್ಲ, ಸಾಸರ್ ಇಲ್ಲ. ತೊಟ್ಟಿಕ್ಕುವ ಚಮಚ ಹಿಡಿದುಕೊಂಡು ಪೆದ್ದಿಯ ಹಾಗೆ ಕೂತೆ. ಆಗ ಸಾಲಾಗಿ ಇಟ್ಟ ಮಗ್‌ಗಳತ್ತ ಕಣ್ಣು ಹೋಯಿತು. ಎಲ್ಲದರಲ್ಲೂ ಒಂದೊಂದು ಚಮಚ ನಿಂತಿತ್ತು.

ನಮ್ಮ ಸೀಮೆಯಲ್ಲಿ ಚಹಾ ಮೂರು ಕಪ್ ಕುಡಿಯಬೇಕು. ಕುಡಿಯುವಷ್ಟು ಹೊತ್ತೂ ಚಮಚ ಸಾಸರ್ ಮೇಲಿರುತ್ತದೆ. ಸಾಕು ಅನ್ನಿಸಿದಾಗ ಅದನ್ನು ಕಪ್ಪಿನೊಳಗೆ ಇಡುತ್ತೇವೆ. ಒಳಗೆ ಚಮಚ ಕಂಡಿತೋ, ಆ ಮನೆಯಾಕೆ ಮತ್ತೆ ಬಗ್ಗಿಸುವುದಿಲ್ಲ, ಕುಡಿದವರೂ ಮತ್ತೆ ಕೇಳುವುದಿಲ್ಲ. ತಲೆ ನೆಟ್ಟಗಿರುವವರು ಚಮಚ ತೆಗೆದಿಟ್ಟು ಕುಡಿಯುತ್ತಿದ್ದರು. ರೀಮ್ಡಾ ಅವರಿಗೆ ಇಸವಿ ಮರೆತಿತ್ತು, ಸತ್ತ ಗಂಡನ ಹೆಸರು ಮರೆತಿತ್ತು. ಇದು ಮರೆತಿರಲಿಲ್ಲ. ಎಂಟು ತಿಂಗಳಿಂದ ದಿನಾಲೂ ಅವರ ಮುಂದೆ ಮುಗಿದುಹೋದ ಚಹಾ ತಂದಿಡುತ್ತಿದ್ದರು.

ಹೆಫೆಲೆ ಅವರನ್ನು ಕೂಗಿದೆ. ಕೂಗಿದ್ದು ಜೋರಾಗಿಯೇ ಇತ್ತು, ಎರಡು ಮೇಜಿನವರು ತಿರುಗಿ ನೋಡಿದರು.

"ಕಪ್ಪು ಸಾಸರು ಇಲ್ವೇನ್ರೀ ನಿಮ್ಮನೇಲಿ? ಇದೇನು ದನದ ಬಾನಿ ಥರ ಮಗ್ಗು? ಚಮಚ ಒಳಗೇ ಇಟ್ಟು ಕೊಡೋ ಬುದ್ಧಿ ಯಾವ ಪುಣ್ಯಾತ್ಮಂದು?"

ಹೆಫೆಲೆ ಕೆಂಪಾದರು. ಕಚೇರಿಗೆ ಹೋಗಿ ಒಂದು ಕಡತ ತಂದು ಹಾಳೆ ತೆರೆದು ನನ್ನ ಮುಂದಿಟ್ಟರು. ಎರಡು ವರ್ಷದ ಹಿಂದಿನ ತಪಾಸಣೆಯ ವರದಿ, ಹದಿನೇಳನೇ ಪುಟ. 'ತೆಳು ಕಪ್ಪು ಮತ್ತು ಸಾಸರುಗಳು ಜಾರಿ ಬಿದ್ದು ಸುಡುವ ಅಪಾಯವಿದೆ. ಗಟ್ಟಿ ಹಿಡಿಯ ಮಗ್‌ಗಳನ್ನು ಬಳಸಲು ಸೂಚಿಸಲಾಗಿದೆ.' ಕೆಳಗೆ ನನ್ನ ಸಹಿ.

"ಮೂರೇ ದಿನದಲ್ಲಿ ಬದಲಾಯಿಸಿದ್ವಿ ಮೇಡಂ," ಎಂದರು ಹೆಫೆಲೆ. "ಸಾಸರ್ ಇಲ್ಲದ ಮೇಲೆ ಚಮಚ ಇನ್ನೆಲ್ಲಿಡೋದು? ಹಳೇವೆಲ್ಲ ಉಗ್ರಾಣದಲ್ಲಿ ಕಟ್ಟಿಟ್ಟಿದೀವಿ."

ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ಚುಚ್ಚಿದ್ದರೆ ಚೆನ್ನಾಗಿತ್ತು, ತಿರುಗಿ ಬೈಯಬಹುದಿತ್ತು. ಆ ಸಾಲನ್ನು ಬರೆದದ್ದು ನನಗೆ ನೆನಪೇ ಇರಲಿಲ್ಲ. ಅಂಥ ಸಾಲುಗಳನ್ನು ವರ್ಷಕ್ಕೆ ಇನ್ನೂರು ಬರೆಯುತ್ತೇನೆ.

ಉಗ್ರಾಣದಿಂದ ಒಂದು ಕಪ್ಪು ಸಾಸರು ತರಿಸಿ ನಾನೇ ತೊಳೆದೆ. ಕಲ್ಲುಸಕ್ಕರೆ ಹಾಕಿ ಚಹಾ ಬಗ್ಗಿಸಿದೆ. ಸಕ್ಕರೆ ಚಟಪಟ ಸಿಡಿಯಿತು. ಅಂಚಿನಿಂದ ಕೆನೆ ಇಳಿಸಿ, ಚಮಚವನ್ನು ಸಾಸರ್ ಮೇಲಿಟ್ಟೆ. ರೀಮ್ಡಾ ಎತ್ತಿ ಕುಡಿದರು. ಕಪ್ ಕೆಳಗಿಟ್ಟು ನನ್ನ ಮುಖ ನೋಡಿದರು.

"ಯಾಕೆ, ನಿಮ್ಮನೇಲಿ ಒಂದೇ ಕಪ್ಪಾ?"

ಎರಡನೆಯದು ಬಗ್ಗಿಸುವಾಗ ಮಗ ಓಕ್ಕೊ ಬಂದ. ಹೂಳೆತ್ತುವ ದೋಣಿಯ ಕೆಲಸಗಾರ, ಐವತ್ತು ದಾಟಿದ ಭಾರೀ ಆಳು. ಬಾಗಿಲಲ್ಲೇ ನಿಂತುಬಿಟ್ಟ. ಮೂರನೆಯದನ್ನೂ ಕುಡಿದು, ಚಮಚವನ್ನು ಕಪ್ಪಿನೊಳಗಿಟ್ಟು ತಾಯಿ ಬಾಯಿ ಒರೆಸಿಕೊಳ್ಳುವವರೆಗೂ ಅವನು ಕದಲಲಿಲ್ಲ. ಹೆಫೆಲೆ ನಡೆದದ್ದನ್ನು ಹೇಳಿದರು, ಹದಿನೇಳನೇ ಪುಟ ಬಿಟ್ಟು. ಅದನ್ನು ನಾನು ಹೇಳಿದೆ.

ಓಕ್ಕೊ ನನ್ನನ್ನು ಬೈಯಲಿಲ್ಲ. "ಪ್ರತಿ ಭಾನುವಾರ ಮೂರೂವರೆಗೆ ಬರ್ತಿದ್ದೆ ರೀ," ಎಂದ. "ಒಳಗೆ ಚಮಚ ಇರೋದು. ಅವ್ವ ಕುಡಿಯಲ್ಲ ಅಂತ ಇವ್ರು ಹೇಳಿದ್ರೂ, ಮೂರು ಗಂಟೆ ಟೀ ಆದ್ರೂ ಆಗಿದೆ ಅಂದ್ಕೊಂಡು ಸುಮ್ಮನಿರ್ತಿದ್ದೆ. ಒಂದು ದಿನಾನೂ ಮಗ್ಗಿನೊಳಗೆ ಬಗ್ಗಿ ನೋಡ್ಲಿಲ್ಲ." ಸಹಿಯ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ತಾಯಿಯ ಪಕ್ಕ ಕೂತ. ಗುರುವಾರದ ಟ್ಯೂಬ್ ಬೇಡವೆಂದು ಹೆಫೆಲೆ ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿದರು.

ಅಲ್ಲಿಗೆ ಎದ್ದು ಹೋಗಿದ್ದರೆ ನಾನು ಒಳ್ಳೆಯ ಕೆಲಸ ಮಾಡಿದ ಹಾಗಿತ್ತು. ಆದರೆ ಚೀಟಿಯಲ್ಲಿ ಇನ್ನೊಬ್ಬರು ಉಳಿದಿದ್ದರು. ಒಂಬತ್ತನೆಯವರು, ಹಾರ್ಮ್ ಐಲ್ಡರ್ಸ್.

ಎಂಬತ್ತೊಂದು ವರ್ಷ, ಮೊದಲು ದೀಪಸ್ತಂಭದ ಕಾವಲುಗಾರ, ಅದೇ ಮರೆವಿನ ಕಾಯಿಲೆ. ತೂಕ ಸರಿ, ಚರ್ಮ ಸರಿ, ಬೆನ್ನಲ್ಲಿ ಹುಣ್ಣಿಲ್ಲ. ಹೋದ ವರ್ಷ ಫೆಬ್ರುವರಿಯಿಂದ ಹೊಟ್ಟೆಗೆ ಟ್ಯೂಬ್. ಆವತ್ತು ನೋಡಿದ ಒಂಬತ್ತು ಜನರಲ್ಲಿ ಕಾಗದದ ಮೇಲೆ ಇವರಷ್ಟು ಚೆನ್ನಾಗಿದ್ದವರು ಇನ್ನೊಬ್ಬರಿಲ್ಲ. ಹಾಳೆ ಹಿಂದಕ್ಕೆ ತಿರುವಿದೆ. ಟ್ಯೂಬಿಗೆ ಮೊದಲಿನ ಮೂರು ತಿಂಗಳು, ದಿನಕ್ಕೆ ಎಂಟು ಸಲ: 'ಪಾನೀಯ ನೀಡಲಾಯಿತು. ನಿರಾಕರಿಸಿದರು.' ಮಗ್ ಬಂದ ಮರುವಾರದಿಂದ ಶುರು.

"ಈಗ ಬಾಯಿಗೆ ಕೊಡಬಹುದಾ?" ಎಂದು ಹೆಫೆಲೆ ಅವರನ್ನು ಕೇಳಿದೆ.

ಅವರಿಗೂ ಅರ್ಥವಾಗಿತ್ತು. "ಇಲ್ಲ ಮೇಡಂ. ಬೇಸಿಗೇಲಿ ನ್ಯುಮೋನಿಯಾ ಆಯ್ತು. ಇಷ್ಟು ದಿನ ನುಂಗದೇ ಗಂಟಲಿಗೆ ಅಭ್ಯಾಸವೇ ತಪ್ಪಿದೆಯಂತೆ. ಒಂದು ಗುಟುಕು ಕೊಟ್ರೂ ಶ್ವಾಸಕೋಶಕ್ಕೆ ಇಳಿಯುತ್ತೆ ಅಂದಿದಾರೆ."

ನಿಯಮದ ಪ್ರಕಾರ ಐಲ್ಡರ್ಸ್ ಅವರಿಗೆ 'ಎ' ಬರುತ್ತದೆ. ನಾನು 'ಡಿ' ಹಾಕಿದೆ. ಕಾರಣದ ಜಾಗದಲ್ಲಿ ಆಶ್ರಮದ ಹೆಸರಿನ ಬದಲು ನನ್ನ ಹೆಸರು, ವರದಿಯ ತಾರೀಖು, ಹದಿನೇಳನೇ ಪುಟ ಎಂದು ಬರೆದೆ. ಮೇಲಿನವರು ಇದನ್ನು ಒಪ್ಪುವುದಿಲ್ಲವೆಂದು ಗೊತ್ತಿತ್ತು. ಅಳಿಸುವುದಾದರೆ ಅವರೇ ಅಳಿಸಲಿ.

ಆಮೇಲೆ ಕುರ್ಚಿಯನ್ನು ಐಲ್ಡರ್ಸ್ ಅವರ ಹಾಸಿಗೆಯ ಹತ್ತಿರ ಎಳೆದುಕೊಂಡೆ. ಅವರು ಕಿಟಕಿಯಾಚೆ ಒಡ್ಡಿನ ಕಡೆ ನೋಡುತ್ತಿದ್ದರು.

"ಐಲ್ಡರ್ಸ್ ಅವ್ರೇ, ನನ್ನಿಂದ ಒಂದು ತಪ್ಪಾಗಿದೆ. ನಿಮ್ಮ ಟೀ ನಿಲ್ಲಿಸಿದ್ದು ನಾನು. ಗೊತ್ತಿಲ್ಲದೆ ಮಾಡಿದೆ, ಆದ್ರೂ ನಾನೇ."

ಅವರು ತಿರುಗಿ ನನ್ನ ಮುಖ ನೋಡಿದರು. ಎಷ್ಟು ತಿಳಿಯಿತೋ ನನಗೆ ಗೊತ್ತಾಗಲಿಲ್ಲ. ನನ್ನ ಕೈ ತಟ್ಟಿದರು.

"ಅಷ್ಟಕ್ಕೆ ಯಾಕ್ ಅಳ್ತೀಯ ಮಗಳೇ? ಹೋಗು, ಒಂದ್ ಕಪ್ ಮಾಡ್ಕೊಂಡ್ ಬಾ."