ಐದು ಕೀರ್ತನೆಯ ರೊಟ್ಟಿ

ನಮ್ಮ ಅತ್ತೆಯ ಅಡುಗೆಮನೆಯಲ್ಲಿ ಗಡಿಯಾರವಿಲ್ಲ. ಇದ್ದದ್ದನ್ನು ಅವರೇ ಗೋಡೆಯಿಂದ ಇಳಿಸಿ ಮಾವನ ಟೈಲರ್ ಅಂಗಡಿಗೆ ಕಳಿಸಿದರಂತೆ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಮೊಟ್ಟೆ ಎಷ್ಟು ಹೊತ್ತು ಬೇಯಬೇಕು ಎಂದು ಕೇಳಿದ್ದಕ್ಕೆ, "ಕುರಿಮರಿ ಕೀರ್ತನೆ, ಪೂರ್ತಿ" ಎಂದರು. ತಮಾಷೆ ಇರಬೇಕೆಂದು ನಕ್ಕೆ. ಅವರು ನಗಲಿಲ್ಲ. ಕೀರ್ತನೆ ಹಾಡಿ ಮುಗಿಸಿ, ಮೊಟ್ಟೆ ಇಳಿಸಿ, ಸುಲಿದು ಎರಡು ಹೋಳು ಮಾಡಿ ನನ್ನ ಮುಂದಿಟ್ಟರು. ಹಳದಿ ಇರಬೇಕಾದ ಹದದಲ್ಲೇ ಇತ್ತು. ಆ ವಿಷಯದಲ್ಲಿ ಅಂದಿನಿಂದ ನಾನು ಬಾಯಿ ಮುಚ್ಚಿಕೊಂಡಿದ್ದೇನೆ. ಉಳಿದ ವಿಷಯಗಳಲ್ಲಿ ಅಷ್ಟಾಗಿ ಇಲ್ಲ.

ಆಲೂಗಡ್ಡೆಗೆ ದೋಣಿ ಕೀರ್ತನೆ ಎರಡು ಸಲ. ಅನ್ನಕ್ಕೆ ದೀಪದ ಕೀರ್ತನೆ, ಕೊನೆಯ ಚರಣ ಮಾತ್ರ ಎರಡು ಸಲ. ಈ ಹೆಸರುಗಳೆಲ್ಲ ಅತ್ತೆ ಇಟ್ಟವು. ಚರ್ಚಿನ ಕೀರ್ತನೆ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ರೊಟ್ಟಿಗೆ ಮಾತ್ರ ಐದು ಕೀರ್ತನೆ, ಒಂದರ ಹಿಂದೆ ಒಂದು, ಒಂದು ಚರಣವನ್ನೂ ಬಿಡುವಂತಿಲ್ಲ. ರೊಟ್ಟಿ ಎಂದರೆ ಕಾವಲಿಯ ಮೇಲೆ ತಟ್ಟುವುದಲ್ಲ, ಓವನ್ನಿನಲ್ಲಿ ಉಬ್ಬಿ ಕೆಂಪಗಾಗುವ ದುಂಡನೆಯ ರೊಟ್ಟಿ. ನಮ್ಮ ಓವನ್ನಿನ ಬಾಗಿಲಿಗೆ ಗಾಜಿಲ್ಲ. ನಡುವೆ ತೆರೆದು ನೋಡಿದರೆ ಉಬ್ಬಿದ್ದು ಕುಸಿಯುತ್ತದೆ ಎಂದು ಅತ್ತೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ನಂಬಿಕೆ ಇಟ್ಟು ಹಾಡುವುದು, ಹಾಡಿ ಮುಗಿದ ಮೇಲೆ ತೆರೆಯುವುದು.

ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಕರ್ತನ ಭೋಜನ. ಪಾಸ್ಟರ್ ಮೇಜಿನ ಹಿಂದೆ ನಿಂತು ಮುರಿದು ಸಭೆಗೆಲ್ಲ ಹಂಚುವ ರೊಟ್ಟಿ ನಮ್ಮ ಮನೆಯಿಂದಲೇ ಹೋಗುತ್ತದೆ. ನನ್ನ ಗಂಡ ಹುಟ್ಟುವ ಮುಂಚಿನಿಂದಲೂ ಹೋಗುತ್ತಿದೆ. ಅತ್ತೆ ಸಭೆಯಲ್ಲಿ ಎದ್ದು ನಿಂತು ಪ್ರಾರ್ಥನೆ ಮಾಡುವವರಲ್ಲ, ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವವರಲ್ಲ. "ನಂಗೆ ಮಾತು ಬರಲ್ಲಮ್ಮ. ನನ್ನ ಕಡೆಯಿಂದ ದೇವರಿಗೆ ಒಂದು ರೊಟ್ಟಿ, ಅಷ್ಟೇ" ಎನ್ನುತ್ತಾರೆ.

ಮಾವ ವಾರಕ್ಕೆ ಆರು ದಿನ ಟೈಲರ್, ಏಳನೆಯ ದಿನ ಚರ್ಚಿನ ಆರ್ಗನ್ ಬಾರಿಸುವವರು. ಹೊಲಿಗೆ ಯಂತ್ರ, ಆರ್ಗನ್ ಎರಡನ್ನೂ ಕಾಲಿನಲ್ಲೇ ತುಳಿಯಬೇಕಾದ್ದರಿಂದ ಅಪ್ಪನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು ನನ್ನ ಗಂಡನ ಕೊಂಕು. ಇವರದು ಲಿಫ್ಟ್ ರಿಪೇರಿ ಕೆಲಸ. ದಿನವಿಡೀ ಮೇಲೆ ಕೆಳಗೆ ಓಡಾಡಿ ಬರುವುದರಿಂದ ಮನೆಯಲ್ಲಿ ಯಾರನ್ನಾದರೂ ಕೆಣಕದಿದ್ದರೆ ಸಮಾಧಾನವಿಲ್ಲ. ನನ್ನನ್ನು ಕೆಣಕಲು ಇವರಿಗೆ ನನ್ನ ಅಪ್ಪನ ಚರ್ಚೇ ಸಾಕು. ಅಲ್ಲಿ ಹಾಡುವುದು ಬಹಳ ನಿಧಾನ. "ಮದುವೆ ದಿನ ಬೆಳಿಗ್ಗೆ ಶೇವ್ ಮಾಡ್ಕೊಂಡು ಬಂದಿದ್ದೆ. ನಿಮ್ಮೋರ ಒಂದು ಕೀರ್ತನೆ ಮುಗಿಯೋ ಹೊತ್ತಿಗೆ ಗಡ್ಡ ಬಂದಿತ್ತು" ಎಂದು ಈಗಲೂ ಬಂದವರ ಮುಂದೆಲ್ಲ ಹೇಳುತ್ತಾರೆ. ಆಗ ಮಾವನ ಆರ್ಗನ್ನಿನ ಗತಿಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಅದನ್ನು ಮಾತ್ರ ಇವರು ಗಾಂಭೀರ್ಯ ಎನ್ನುತ್ತಿದ್ದರು.

ಶನಿವಾರ ಸಂಜೆ ನಮ್ಮ ಮನೆಯಲ್ಲಿ ಪ್ರಾರ್ಥನೆ, ಆಮೇಲೆ ಊಟ, ಊಟದ ಮೇಲೆ ಆಟ. ಸಂಡೇ ಸ್ಕೂಲಿನಲ್ಲಿ ಕಲಿತ ಬೈಬಲ್ ಕಥೆಗಳ ಪಾತ್ರಗಳಲ್ಲಿ ಒಬ್ಬರನ್ನು ಮಾತಿಲ್ಲದೆ ಅಭಿನಯಿಸಿ ತೋರಿಸಬೇಕು, ಉಳಿದವರು ಗುರುತಿಸಬೇಕು. ಇವರು ಪ್ರತಿ ಸಲ ಬೆಡ್‌ಶೀಟ್ ಹೊದ್ದು ಮೀನಿನ ಹೊಟ್ಟೆ ಸೇರುತ್ತಾರೆ. ಮಾವ ಬಾಗಿಲ ಚೌಕಟ್ಟಿನ ಎರಡೂ ಬದಿಗೆ ಕೈಯೂರಿ, ಮುಖ ಕೆಂಪಗೆ ಮಾಡಿಕೊಂಡು, ಕಂಬ ಬೀಳಿಸಿದ ಬಲಶಾಲಿಯಾಗುತ್ತಾರೆ. ಪ್ರತಿ ಶನಿವಾರ ಅದೇ ಬಲಶಾಲಿ. ನಾವು ಪ್ರತಿ ಶನಿವಾರ ಬೇರೆ ಹತ್ತು ಜನರ ಹೆಸರು ಹೇಳಿ, ಅವರು ಸುಸ್ತಾಗುವವರೆಗೂ ಕಾದು, ಆಮೇಲೆ ಆಶ್ಚರ್ಯಪಡುತ್ತೇವೆ. ಹಿರಿಯರಿಗೆ ಅಷ್ಟು ಮರ್ಯಾದೆ ಕೊಡದಿದ್ದರೆ ಹೇಗೆ.

ಹೀಗಿರುವಾಗ ಚರ್ಚಿಗೆ ಹೊಸ ಪಾಸ್ಟರ್ ಬಂದರು. ಚಿಕ್ಕ ವಯಸ್ಸು, ನಡೆದರೂ ಓಡಿದ ಹಾಗೆ. ಒಂದು ದಿನ ಮಾವನ ಭುಜದ ಮೇಲೆ ಕೈಯಿಟ್ಟು, "ಅಂಕಲ್, ಮೂರನೇ ಚರಣಕ್ಕೆ ಹಿಂದಿನ ಸಾಲು ನಿದ್ದೆ ಹೋಗುತ್ತೆ. ಸ್ವಲ್ಪ ಬೇಗ ಬಾರಿಸೋಕಾಗುತ್ತಾ?" ಎಂದು ಕೇಳಿದರು. ಮಾವ ಎರಡು ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ ಹಟಕ್ಕೆ ಬಿದ್ದರು. ದಿನಾ ಸಂಜೆ ಅಂಗಡಿ ಮುಚ್ಚಿ ಬಂದವರೇ ಮುಂದಿನ ಕೋಣೆಯಲ್ಲಿದ್ದ, ಕಾಲಲ್ಲಿ ತುಳಿಯುವ ಹಾರ್ಮೋನಿಯಂ ಮುಂದೆ ಕುಳಿತು ಪ್ರಾಕ್ಟೀಸ್. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮುಗಿಸಿ ಮನೆ ಸೇರುವ ಹೊತ್ತಿಗೆ ಅದು ಮುಗಿದಿರುತ್ತಿತ್ತು. ಅತ್ತೆ ಮಾತ್ರ ಅಡುಗೆಮನೆಯಿಂದ ದಿನವೂ ದನಿಗೂಡಿಸುತ್ತಿದ್ದರು. ಕೆಲವೇ ವಾರಗಳಲ್ಲಿ ಸಭೆ ಎಚ್ಚರವಾಯಿತು. ಹಿಂದಿನ ಸಾಲಿನವರು ಪುಸ್ತಕದ ಪುಟ ತಿರುವಲು ಪರದಾಡುವುದನ್ನು ನಾನೇ ನೋಡಿದ್ದೇನೆ. ಮಾವ ಆರ್ಗನ್ನಿನಿಂದ ಏಳುವಾಗ ಹತ್ತು ವರ್ಷ ಚಿಕ್ಕವರಾದಂತೆ ಏಳುತ್ತಿದ್ದರು.

ಅದೇ ವಾರಗಳಲ್ಲಿ ನಮ್ಮ ಮನೆಯ ಊಟ ಕೆಟ್ಟಿತು. ಮೊಟ್ಟೆ ಒಡೆದರೆ ತಟ್ಟೆ ತುಂಬ ಹರಿಯುತ್ತಿತ್ತು. ಅನ್ನದಲ್ಲಿ ಅಕ್ಕಿ ಸಿಗುತ್ತಿತ್ತು. ಅತ್ತೆ ಅದನ್ನು ಮತ್ತೆ ಒಲೆಯ ಮೇಲಿಡುತ್ತಿದ್ದರು. ನಾನು ಕಂಡೂ ಕಾಣದಂತೆ ಜಗಿಯುತ್ತಿದ್ದೆ. ಮಾವನಿಗೆ ಆ ಬುದ್ಧಿ ಎಲ್ಲಿ ಬರಬೇಕು. ಆಲೂಗಡ್ಡೆಯನ್ನು ಫೋರ್ಕಿನಿಂದ ಕುಟ್ಟಿ ಸದ್ದು ಮಾಡಿ, "ಏನೇ, ಇದನ್ನ ಗುಂಡಿ ಮಾಡಿ ಕೋಟಿಗೆ ಹೊಲೀಲಾ?" ಎಂದರು. ಇವರು ನಕ್ಕರು. ಅತ್ತೆಯೂ ನಕ್ಕಂತೆ ಮಾಡಿದರು.

ಆಮೇಲೆ ಕರ್ತನ ಭೋಜನದ ಭಾನುವಾರ ಬಂತು. ರೊಟ್ಟಿ ಮೇಲೆ ನೋಡಲು ಎಂದಿನಂತೆ ಕೆಂಪಗೆ, ಚೆಂದಕ್ಕೆ ಇತ್ತು. ಪಾಸ್ಟರ್ ಎರಡೂ ಕೈಯಲ್ಲಿ ಎತ್ತಿ ಹಿಡಿದು ಪ್ರಾರ್ಥಿಸಿ ಮುರಿದರು. ಅದು ಮುರಿಯಲಿಲ್ಲ, ಹಿಗ್ಗಿತು. ಒಳಗೆ ಹಸಿ ಹಿಟ್ಟು. ಅವರ ಎರಡೂ ಕೈಯ ನಡುವೆ ಅಂಟು ಅಂಟಾಗಿ ಜೋತುಬಿತ್ತು. ಪಾಪ, ಆ ಹುಡುಗ ಪಾಸ್ಟರ್ ಗಂಭೀರವಾಗಿಯೇ ಬೆರಳು ಬಿಡಿಸಿಕೊಂಡರು, ಅಂಚಿನಲ್ಲಿ ಬೆಂದಿದ್ದನ್ನು ಕಿತ್ತು ಚಿಕ್ಕ ಚಿಕ್ಕ ಚೂರು ಮಾಡಿ ಎಲ್ಲರಿಗೂ ಸಾಲುವಂತೆ ಹಂಚಿದರು. ಸಭೆ ಉಸಿರು ಬಿಗಿಹಿಡಿದು ಕುಳಿತಿತ್ತು. ಆ ನಿಶ್ಶಬ್ದದಲ್ಲಿ ಆರ್ಗನ್ನಿನ ಕಡೆಯಿಂದ ಒಂದು ಪುಸಕ್ ಎಂಬ ನಗೆ ಕೇಳಿತು. ಅದು ಯಾರದೆಂದು ನನಗೆ ಗೊತ್ತಾಯಿತು. ನನ್ನ ಪಕ್ಕದಲ್ಲಿದ್ದ ಅತ್ತೆಗೂ ಗೊತ್ತಾಯಿತು. ಮಾವನ ಮೇಲೆ ನನಗೆ ಬಂದ ಸಿಟ್ಟು ಚರ್ಚಿನಲ್ಲಿ ಬರಬಾರದಂಥದ್ದು.

ಅಂದಿನಿಂದ ಅತ್ತೆ ಅಡುಗೆಮನೆಯಲ್ಲಿ ಹಾಡುವುದನ್ನು ನಿಲ್ಲಿಸಿದರು. ಎಲ್ಲವನ್ನೂ ಚಮಚದಲ್ಲಿ ತೆಗೆದು ಹಿಸುಕಿ ನೋಡುತ್ತ, ಯಾರದೋ ಮನೆಯ ಒಲೆಯ ಮುಂದೆ ನಿಂತವರಂತೆ ಬೇಯಿಸುತ್ತಿದ್ದರು. ಶನಿವಾರದ ಆಟಕ್ಕೆ ತಲೆನೋವು ಎಂದು ಮಲಗಿಬಿಡುತ್ತಿದ್ದರು. ಇವರು ಟಿಣ್ ಎನ್ನುವ ಟೈಮರ್ ಒಂದನ್ನು ತಂದುಕೊಟ್ಟರು. ಅದು ಡ್ರಾಯರ್ ಸೇರಿತು.

"ನನ್ನ ಕೈಗುಣ ಹೋಯ್ತಮ್ಮ" ಎಂದರು ನನ್ನ ಹತ್ತಿರ, ಮುಂದಿನ ಕರ್ತನ ಭೋಜನದ ವಾರ ಬಂದಾಗ. "ವಯಸ್ಸಾಯ್ತು. ಸಾಕು ಬಿಡು ಅಂತ ದೇವರೇ ಹೇಳಿರಬೇಕು. ಅದನ್ನ ಅಷ್ಟು ಜನರ ಮುಂದೆ ಹೇಳದಿದ್ರೆ ಚೆನ್ನಾಗಿತ್ತು. ಶನಿವಾರ ಪಾಸ್ಟರ್‌ನ ಊಟಕ್ಕೆ ಕರೀತೀನಿ. ಇನ್ನು ಮೇಲೆ ರೊಟ್ಟಿ ಡೆಂಟಿಸ್ಟ್ ಹೆಂಡ್ತಿ ಕೊಡ್ಲಿ ಅಂತ ಹೇಳ್ಬಿಡ್ತೀನಿ."

ಡೆಂಟಿಸ್ಟ್ ಹೆಂಡತಿ ಬೇಕರಿಯಲ್ಲಿ ಕೊಂಡು ತಂದು, ಕವರ್ ಬಿಚ್ಚಿ, ಕಸೂತಿ ಬಟ್ಟೆ ಮುಚ್ಚಿ ಕೊಡುವವರು. ನನಗೆ ತಡೆಯಲಾಗಲಿಲ್ಲ. ಆ ಶನಿವಾರ ಅಂಗಡಿಗೆ ರಜೆ ಹಾಕಿ, ರೊಟ್ಟಿ ನಾನೇ ಮಾಡುತ್ತೇನೆ, ನೀವು ಕುಳಿತು ಹೇಳಿಕೊಡಿ ಎಂದೆ. ಅತ್ತೆ ಸ್ಟೂಲ್ ಹಾಕಿಕೊಂಡು, ಎರಡೂ ಕೈಯನ್ನು ಮಡಿಲಲ್ಲಿ ಕಟ್ಟಿಕೊಂಡು ಕುಳಿತರು. ಹಿಟ್ಟು ಮುಟ್ಟಲಿಲ್ಲ. ಎರಡು ರೊಟ್ಟಿಗಾಗುವಷ್ಟು ನಾದಿಸಿದರು.

"ಎರಡ್ಯಾಕೆ ಅತ್ತೆ?"

"ನೀನು ಮಾಡ್ತಿರೋದಲ್ವಾ, ಒಂದು ಕೆಟ್ಟರೆ ಇನ್ನೊಂದಿರ್ಲಿ ಅಂತ."

ಇಷ್ಟು ದುಃಖದಲ್ಲೂ ಸೊಸೆಯನ್ನು ಕುಟುಕುವುದನ್ನು ಮರೆಯಲಿಲ್ಲವಲ್ಲ ಎಂದು ನನಗೆ ಸ್ವಲ್ಪ ಧೈರ್ಯ ಬಂತು. ಉಬ್ಬಿದ ಒಂದು ಮುದ್ದೆಯನ್ನು ಓವನ್ನಿಗೆ ಸೇರಿಸಿ, ಅವರು ಹೇಳಿದ ಐದು ಕೀರ್ತನೆಗಳನ್ನು ಹಾಡತೊಡಗಿದೆ. ನನಗೆ ಬರುವುದು ಅಪ್ಪನ ಚರ್ಚಿನ ಗತಿ ಒಂದೇ. ಮೂರನೆಯದಕ್ಕೆ ಬರುವ ಹೊತ್ತಿಗೆ ಅತ್ತೆ ಸ್ಟೂಲಿನ ಮೇಲೆ ಚಡಪಡಿಸುತ್ತಿದ್ದರು.

"ಅಷ್ಟು ಎಳೀತಿಯಲ್ಲಮ್ಮ. ಅಲ್ಲಿ ರೊಟ್ಟಿ ಇದ್ದಿಲಾಗುತ್ತೆ."

"ನಮ್ಮಪ್ಪನ ಮನೇಲಿ ಹೀಗೇ ಅತ್ತೆ. ಬೇಕಾದ್ರೆ ಗಡ್ಡ ಬಿಟ್ಕೊಳ್ಳಿ."

ಐದೂ ಮುಗಿಸಿ ಬಾಗಿಲು ತೆರೆದೆ. ರೊಟ್ಟಿ ಎಲ್ಲೂ ಕರಕಲಾಗಿರಲಿಲ್ಲ. ಅತ್ತೆ ಬಟ್ಟೆಯಲ್ಲಿ ಹಿಡಿದು ತಿರುಗಿಸಿ ತಳ ಬಡಿದರು. ಟೊಳ್ಳು ಸದ್ದು ಬಂತು. ಚಾಕು ತಂದು ನಡುವೆ ಕೊಯ್ದರು. ಅಂಚಿನಿಂದ ಅಂಚಿಗೆ ಒಂದೇ ಸಮ ಬೆಂದಿತ್ತು. ಅವರ ಕಣ್ಣಲ್ಲಿ ನೀರು ಬಂತು. ಅದು ಸಂತೋಷದ್ದಲ್ಲ. ನಿನ್ನೆ ಮೊನ್ನೆ ಹಿಟ್ಟು ಮುಟ್ಟಿದವಳಿಗೂ ಬಂತು, ನನಗೆ ಮಾತ್ರ ಹೋಯಿತು ಎಂಬ ಕಣ್ಣೀರು. ಸಹಾಯಕ್ಕೆ ಹೋಗಿ ಗಾಯಕ್ಕೆ ಉಪ್ಪು ಹಾಕಿದಂತಾಯಿತು.

ಅಷ್ಟರಲ್ಲಿ ಮಾವ ಅಂಗಡಿಯಿಂದ ಬಂದು ಮುಂದಿನ ಕೋಣೆಯಲ್ಲಿ ಪ್ರಾಕ್ಟೀಸ್ ಶುರುಮಾಡಿದರು. ನಾನು ಈಗಷ್ಟೇ ಹಾಡಿ ಮುಗಿಸಿದ ಐದನೆಯ ಕೀರ್ತನೆಯನ್ನೇ. ನಾನು ಪಾತ್ರೆಯನ್ನು ಸಿಂಕಿಗೆ ಹಾಕಿ, ಮೇಜು ಒರೆಸಿ, ತಿರುಗುವಷ್ಟರಲ್ಲಿ ಅವರು ಕೊನೆಯ ಚರಣಕ್ಕೆ ಬಂದಿದ್ದರು. ಅತ್ತೆ ಕೈಯಲ್ಲಿ ಚಾಕು ಹಿಡಿದು ಹಾಗೇ ನಿಂತರು. ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.

"ಇವರು ಎಷ್ಟು ದಿನದಿಂದ ಹೀಗೆ ಓಡಿಸ್ತಿದಾರೆ?" ಎಂದು ಅತ್ತೆ ಮೆಲ್ಲಗೆ ಕೇಳಿದರು.

"ಹೊಸ ಪಾಸ್ಟರ್ ಬಂದಾಗಿನಿಂದ."

"ನನ್ನ ಮೊಟ್ಟೆ ಹರಿಯೋಕೆ ಶುರುವಾಗಿದ್ದು?"

ಅದೂ ಆಗಿನಿಂದಲೇ. ಮುಂದಿನ ಕೋಣೆಯ ಗತಿಗೆ ದನಿಗೂಡಿಸಿ ಹಾಡುತ್ತ ಹಾಡುತ್ತ ಅತ್ತೆಯ ನಾಲಿಗೆಯೂ ಓಟ ಕಲಿತಿತ್ತು. ಪಾಪದ ಓವನ್ನಿಗೆ ಆ ಸಂಗತಿ ಯಾರು ಹೇಳಬೇಕು. ಅದು ಎಂದಿನ ಹಾಗೆಯೇ ಬೇಯಿಸುತ್ತಿತ್ತು.

ಅತ್ತೆ ಕೊಯ್ದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟುಕೊಂಡು ಹೋಗಿ ಹಾರ್ಮೋನಿಯಂ ಮೇಲಿಟ್ಟರು. ನಾನು ಹಿಂದೆಯೇ ಹೋದೆ, ಇಂಥದ್ದನ್ನು ತಪ್ಪಿಸಿಕೊಳ್ಳಲಾದೀತೇ.

"ನನ್ನ ಕೈ ಕೆಟ್ಟಿರಲಿಲ್ಲ ರೀ" ಎಂದರು. "ನಿಮ್ಮ ಕಾಲು ಕೆಟ್ಟಿತ್ತು."

ವಿಷಯ ಬಿಡಿಸಿ ಹೇಳಿದ ಮೇಲೆ ಮಾವ ಮೊದಲು ನಗಲು ಹೊರಟು, ಅತ್ತೆಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಪುಸಕ್ ಎಂದ ಭಾನುವಾರ ಅವರಿಗೂ ನೆನಪಾಗಿರಬೇಕು. ಹಾರ್ಮೋನಿಯಂಗೆ ಮುಚ್ಚಳ ಹಾಕಿ ಕೈ ತೊಳೆಯಲು ಎದ್ದುಹೋದರು.

ಸಂಜೆ ಪಾಸ್ಟರ್ ಬಂದರು. ಸೂಪಿನ ಜೊತೆ ನಾನು ಮಾಡಿದ ರೊಟ್ಟಿಯನ್ನೇ ತಿಂದೆವು. ಕಥೆ ಕೇಳಿ ನಕ್ಕು ಅವರಿಗೆ ನೆತ್ತಿಗೇರಿ ನೀರು ಕುಡಿಸಬೇಕಾಯಿತು. ಮಾವ ಚಮಚ ಕೆಳಗಿಟ್ಟು, "ನಾಳೆಯಿಂದ ಹಳೇ ಗತಿಗೇ ಬಾರಿಸ್ತೀನಿ ಪಾಸ್ಟರ್" ಎಂದರು. ಆ ಮಾತು ಅವರಿಗೆಷ್ಟು ಕಷ್ಟವಾಯಿತೆಂದು ಅವರ ಕೆಂಪಾದ ಕಿವಿ ನೋಡಿದರೇ ಗೊತ್ತಾಗುತ್ತಿತ್ತು.

"ಬೇಡ" ಎಂದರು ಅತ್ತೆ. "ಸಭೆ ಎದ್ದು ಕೂತಿದೆ, ಮತ್ತೆ ಮಲಗಿಸ್ಬೇಡಿ. ನಿಮಗೂ ಅದು ಖುಷಿ ಅಂತ ನಂಗೊತ್ತು."

"ಹಾಗಾದ್ರೆ ನೀನು ಮನೇಲಿ ನಿಧಾನ ಹಾಡ್ಕೋ."

"ಬರಲ್ಲ ರೀ. ಇವಳು ಹಾಡಿದ್ದು ಕೇಳಿ ನಂಗೇ ಹಿಂಸೆ ಆಯ್ತು. ಮದುವೆ ಆದಾಗಿನಿಂದ ನಿಮ್ಮ ಕಾಲಿನ ಹಿಂದೇನೇ ಹಾಡಿದೀನಿ. ನೀವು ಓಡಿದ್ರೆ ನಾನೂ ಓಡ್ತೀನಿ. ನಾನೊಬ್ಬಳೇ ಹಾಡೋದು ನಂಗೆ ಗೊತ್ತೇ ಇಲ್ಲ."

ರೊಟ್ಟಿ ಬಿಡುತ್ತೇನೆ ಎಂಬ ಮಾತು ಇನ್ನೇನು ಅತ್ತೆಯ ಬಾಯಿಂದ ಬರಲಿತ್ತು. ಅಷ್ಟರಲ್ಲಿ ಮಾವ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, "ಮೊದಲು ಆಟ" ಎಂದರು.

ನಾವು ಬಾಗಿಲ ಕಡೆ ತಿರುಗಿದೆವು, ಕಂಬ ಬೀಳುವುದನ್ನು ನೋಡಲು. ಮಾವ ಬಾಗಿಲಿಗೆ ಹೋಗಲಿಲ್ಲ. ಕೋಣೆಯ ನಡುವೆ ನಿಂತು, ಎರಡೂ ತೋಳುಗಳನ್ನು ರೆಕ್ಕೆಯಂತೆ ಬಡಿದು, ಕತ್ತು ಚಾಚಿ, ಸದ್ದಿಲ್ಲದೆ ಕೋಳಿಯಂತೆ ಕೂಗಿದರು. ಆಮೇಲೆ ಗೋಡೆಗೆ ಮುಖ ಮಾಡಿ, ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು ಭುಜ ಕುಲುಕಿಸಿ ಅತ್ತರು. ತನ್ನ ಗುರುವನ್ನು ಕಷ್ಟದ ಹೊತ್ತಿನಲ್ಲಿ ಬಿಟ್ಟುಕೊಟ್ಟು, ಕೋಳಿ ಕೂಗಿದ ಮೇಲೆ ಬಿಕ್ಕಿ ಬಿಕ್ಕಿ ಅತ್ತ ಆ ಶಿಷ್ಯ ಯಾರೆಂದು ಸಂಡೇ ಸ್ಕೂಲಿನ ಚಿಕ್ಕ ಮಗುವಿಗೂ ಗೊತ್ತು. ಪಾಸ್ಟರ್ ಬಾಯಿ ತೆರೆದರು. ಇವರು ಮೇಜಿನ ಕೆಳಗೆ ಅವರ ಕಾಲು ತುಳಿದರು.

ಅತ್ತೆ ಗಲ್ಲಕ್ಕೆ ಕೈಯಿಟ್ಟು ಬಹಳ ಯೋಚಿಸಿದರು.

"ಕಂಬ ಬೀಳಿಸಿದವನಲ್ವಾ?" ಎಂದರು.

ಮಾವ ಮತ್ತೆ ಕೂಗಿದರು, ಮತ್ತೆ ಅತ್ತರು. ಅತ್ತೆ ಮತ್ತೆ ಯೋಚಿಸಿದರು. ಮೂರನೆಯ ಸಲ ಕೂಗಿ ಮಾವನಿಗೆ ನಿಜವಾಗಿಯೂ ಕೆಮ್ಮು ಬಂದಮೇಲೆ, "ಗೊತ್ತಾಯ್ತು ಬಿಡಿ, ಕೂತ್ಕೊಳ್ಳಿ" ಎಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮಾವ ಕೂರಲಿಲ್ಲ. ಮಗನನ್ನು ಕರೆದು ಹಾರ್ಮೋನಿಯಂನ ಒಂದು ತುದಿ ಹಿಡಿ ಎಂದರು. ಇವರು ಗೊಣಗಿದರು, ಪಾಸ್ಟರ್ ತಾವೇ ತೋಳು ಮಡಚಿಕೊಂಡು ಬಂದರು. ಮೂವರೂ ಸೇರಿ ಅದನ್ನು ನೂಕಿ, ಉರುಳಿಸಿ, ಅಡುಗೆಮನೆಯ ಬಾಗಿಲಿಗೆ ತಂದು ಅಡ್ಡ ನಿಲ್ಲಿಸಿದರು. ಎರಡನೆಯ ಹಿಟ್ಟು ಬಟ್ಟೆಯಡಿ ಉಬ್ಬಿ ಕಾದಿತ್ತು. ಅತ್ತೆ ಸೆರಗು ಸಿಕ್ಕಿಸಿಕೊಂಡು ಅದಕ್ಕೆ ಕೈ ಹಾಕಿದರು. ಓವನ್ನಿನ ಬಾಗಿಲು ಮುಚ್ಚಿದ ಸದ್ದು ಕೇಳಿ ಮಾವ ತುಳಿಯತೊಡಗಿದರು, ಹಳೆಯ ಗತಿಯಲ್ಲಿ, ಗಾಂಭೀರ್ಯದಿಂದ. ಅತ್ತೆ ಮೊದಲ ಸಾಲು ತಪ್ಪಿದರು, ಎರಡನೆಯದರಲ್ಲಿ ಸೇರಿಕೊಂಡರು.

ಮರುದಿನ ಪಾಸ್ಟರ್ ಆ ರೊಟ್ಟಿಯನ್ನು ಎತ್ತಿ ಹಿಡಿದು ಸ್ವಲ್ಪ ಹೊತ್ತು ಹೆಚ್ಚೇ ಪ್ರಾರ್ಥಿಸಿದರು. ಅದು ಸರಿಯಾಗಿ ನಡುವೆ ಮುರಿಯಿತು.

ಹಾರ್ಮೋನಿಯಂ ಇನ್ನೂ ಅಡುಗೆಮನೆಯ ಬಾಗಿಲಲ್ಲೇ ಇದೆ. ಒಳಗೆ ಹೋಗಬೇಕಾದರೆ ಅಡ್ಡಡ್ಡ ನುಸುಳಬೇಕು. ಮಾವ ಚರ್ಚಿನಲ್ಲಿ ಓಡಿಸುತ್ತಾರೆ, ಮನೆಯಲ್ಲಿ ಬೇಯಿಸುತ್ತಾರೆ. ಹೋದ ಶನಿವಾರ ನಾನು ಒಳಗೆ ತಟ್ಟೆ ತೊಳೆಯುತ್ತಿದ್ದೆ. ಐದನೆಯ ಕೀರ್ತನೆ ಮುಗಿಯಿತು, ಅತ್ತೆ ರೊಟ್ಟಿ ತೆಗೆದರು, ತಳ ಬಡಿದರು, ಹದವಾಗಿತ್ತು. ಅದನ್ನು ಮೇಜಿನ ಮೇಲಿಟ್ಟು ಬಟ್ಟೆ ಮುಚ್ಚಿದರು. ಬಾಗಿಲಾಚೆಯಿಂದ ಮಾವ, "ಆಯ್ತೇನೇ?" ಎಂದು ಕೇಳಿದರು.

ಅತ್ತೆ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು.

"ಇಲ್ಲ ರೀ" ಎಂದರು. "ಇನ್ನೊಂದು ಬಾರಿಸಿ."